ನಾಲ್ಕನೆಯ ಮಂಚ

ವಿನ್ನಿಪೆಗ್ ವಿಮಾನ ನಿಲ್ದಾಣದ ಬಾಗಿಲಲ್ಲೇ ಥೋರಾ ಮೂವರು ಗೆಳತಿಯರ ಕೋಟುಗಳನ್ನೂ ಬಿಚ್ಚಿಸಿಕೊಂಡಳು. ಅದು ಅವರ ಕಡೆಯ ರೂಢಿ. ಮೆಕ್ಸಿಕೋದ ಬಿಸಿಲಿಗೆ ಹೊರಟವರಿಗೆ ಮೊಣಕಾಲು ಮುಟ್ಟುವ ತುಪ್ಪುಳದ ಕೋಟು ದಂಡದ ಹೊರೆ. ಬಿಡಲು ಬಂದವರು ಅದನ್ನು ಕಾರಿನಲ್ಲಿ ವಾಪಸು ಒಯ್ಯಬೇಕು, ಕರೆದೊಯ್ಯಲು ಬರುವಾಗ ಮರೆಯದೆ ತರಬೇಕು. ಥೋರಾಳ ಗಂಡ ಐನಾರ್ ಬದುಕಿದ್ದಷ್ಟು ಕಾಲ ಅದು ಅವನ ಕೆಲಸವಾಗಿತ್ತು.

"ಬೇಗ ಬೇಗ ಬಿಚ್ರೇ. ಮೂರು ಕುರಿ ತುಪ್ಪಟ ಕತ್ತರಿಸೋಕೆ ಇಷ್ಟು ಹೊತ್ತಾಗಲ್ಲ" ಎಂದಳು ಥೋರಾ.

"ಜೇಬಲ್ಲಿ ಚಾಕಲೇಟ್ ಇದೆ. ಕಣ್ಣು ಹಾಕ್ಬೇಡ" ಎಂದಳು ವರ್ನಾ.

"ಕಣ್ಣೇನು, ಬಾಯೇ ಹಾಕ್ತೀನಿ. ನಿನ್ನ ಕೋಟು ಕಾಯೋಕೆ ಕೂಲಿ ಬೇಡ್ವಾ?"

ಎಲ್ಲರೂ ನಕ್ಕರು. ಆರ್ಡಿಸ್ ಕೂಡ ನಕ್ಕಳು, ಆದರೆ ಕೋಟು ಕೊಡುವಾಗ ಥೋರಾಳ ಮುಖ ನೋಡಲಿಲ್ಲ. ಥೋರಾ ಮೂರು ಕೋಟುಗಳನ್ನೂ ಎದೆಗೊತ್ತಿಕೊಂಡು ನಿಂತಿದ್ದಳು. ಅವುಗಳ ಮೇಲೆ ಅವಳ ಗಲ್ಲ ಮಾತ್ರ ಕಾಣುತ್ತಿತ್ತು.

"ಮನೆ ಚಿಂತೆ ಬಿಟ್ಬಿಡಿ. ದಿನಾ ಮೂರೂ ಮನೆ ಒಳಗೆ ಹೋಗಿ ನೋಡ್ತೀನಿ. ಫರ್ನೇಸ್ ಉರೀತಿದ್ಯಾ, ನಲ್ಲಿ ಹೆಪ್ಪುಗಟ್ಟಿದ್ಯಾ, ವರ್ನಾಳ ಗಿಡ ಸತ್ತಿದ್ಯಾ, ಎಲ್ಲಾ."

"ಸತ್ತಿದ್ರೆ ಹೇಳ್ಬೇಡ" ಎಂದಳು ವರ್ನಾ.

ಬಾಗಿಲು ತಾನಾಗಿ ತೆರೆದು, ಥೋರಾಳನ್ನು ಹೊರಗಿನ ಬಿಳಿ ಗಾಳಿಗೆ ಒಪ್ಪಿಸಿ, ಮತ್ತೆ ಮುಚ್ಚಿಕೊಂಡಿತು.

ವಿನ್ನಿಪೆಗ್ ಸರೋವರದ ದಡದಲ್ಲಿರುವ ಸ್ಯಾಂಡ್ವಿಕ್ ಎಂಬ ಸಣ್ಣ ಊರಿನಲ್ಲಿ ಈ ನಾಲ್ವರು ಹೆಂಗಸರು ಒಂದೇ ಕರ್ಲಿಂಗ್ ತಂಡ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆ ಆಟದಲ್ಲಿ ನಾಯಕಿಯನ್ನು ಸ್ಕಿಪ್ ಎನ್ನುತ್ತಾರೆ. ಸ್ಕಿಪ್ ಆದವಳು ಅಂಗಳದ ಆಚೆ ತುದಿಯಲ್ಲಿ ನಿಂತು ಕೂಗುತ್ತಾಳೆ. ಮಿಕ್ಕವರು ಅವಳ ಕೂಗಿಗೆ ತಕ್ಕಂತೆ ಕಲ್ಲಿನ ಮುಂದೆ ಪೊರಕೆ ಹಿಡಿದು ಉಜ್ಜುತ್ತಾರೆ. ಥೋರಾ ಸ್ಕಿಪ್. ಅಂಚೆ ಕಚೇರಿಯಿಂದ ನಿವೃತ್ತಳಾದ ಆರ್ಡಿಸ್ ಅವಳ ನಂತರದವಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ, ಮದುವೆಯ ಗೋಜಿಗೆ ಹೋಗದ ವರ್ನಾ, ಮತ್ತು ಚಳಿಗಾಲವಿಡೀ ಲಾರಿಯಲ್ಲೇ ಕಳೆಯುವ ಗಂಡನ ಹೆಂಡತಿ ಸ್ಲಾವ್ಕಾ, ಇವರು ಉಜ್ಜುವವರು. ಆಟದ ಹೊರಗೂ ಕ್ರಮ ಅದೇ ಆಗಿತ್ತು. ಪ್ರತಿ ಫೆಬ್ರುವರಿಯಲ್ಲಿ ಯಾವ ವಿಮಾನ, ಯಾವ ಹೋಟೆಲು, ಮೊದಲ ಸಂಜೆ ಸೀಗಡಿಯೋ ಮೀನೋ, ಎಲ್ಲವನ್ನೂ ಥೋರಾ ಕೂಗುತ್ತಿದ್ದಳು.

ಈ ವರ್ಷ ಮಾತ್ರ ಕೂಗಿದ್ದು ಆರ್ಡಿಸ್. ಅಕ್ಟೋಬರಿನಲ್ಲಿ ಕರ್ಲಿಂಗ್ ಕ್ಲಬ್ಬಿನ ಮೇಜಿನ ಮುಂದೆ ಕುಳಿತು, ಕಾಫಿಗೆ ಸಕ್ಕರೆ ಕದಡುತ್ತ, "ನಾಲ್ಕು ಮಂಚದ ಕೋಣೆ ಸಿಗಲಿಲ್ಲ ಕಣೇ ಥೋರಾ. ಇರೋದು ಮೂರು ಮಂಚದ್ದು ಒಂದೇ. ಹೋಟೆಲ್ ಭರ್ತಿ" ಎಂದಿದ್ದಳು. ವರ್ನಾ ಕಿಟಕಿಯ ಕಡೆ ನೋಡಿದ್ದಳು. ಸ್ಲಾವ್ಕಾ ಬಿಸ್ಕತ್ತನ್ನು ಸಣ್ಣಗೆ ಮುರಿಯುತ್ತ ಕುಳಿತಿದ್ದಳು. ಥೋರಾ ಬಟ್ಟಲು ಪಕ್ಕಕ್ಕೆ ಸರಿಸಿ, "ಹಾಗಾದ್ರೆ ನಾನೇ ಉಳ್ಕೋತೀನಿ. ಮನೆಗಳನ್ನ ಯಾರಾದ್ರೂ ನೋಡಲೇಬೇಕಲ್ಲ" ಎಂದಿದ್ದಳು. ಆ ಊರಿನಲ್ಲಿ ಚಳಿಗಾಲದಲ್ಲಿ ಮನೆ ಖಾಲಿ ಬಿಟ್ಟು ಹೋದರೆ ದಿನವೂ ಒಬ್ಬರು ಒಳಗೆ ಕಾಲಿಟ್ಟು ನೋಡಬೇಕು. ಇಲ್ಲವಾದರೆ, ಮನೆ ಬೆಚ್ಚಗಿಡುವ ಫರ್ನೇಸ್ ಆರಿ, ಕೊಳಾಯಿ ಒಡೆದು ಮನೆಯೆಲ್ಲ ನೀರಾದರೂ ವಿಮೆಯವರು ಕಣ್ಣೆತ್ತಿ ನೋಡುವುದಿಲ್ಲ.

ಮೆಕ್ಸಿಕೋದ ಕಡಲ ಊರು ಮಸಾತ್ಲಾನಿನಲ್ಲಿ ಅವರಿಗೆ ಸಿಕ್ಕಿದ್ದು ಎಂದಿನ ಕೋಣೆಯೇ. ಅದೇ ಸಮುದ್ರದ ಕಡೆಯ ಮೊಗಸಾಲೆ, ಅದೇ ನಾಲ್ಕು ಮಂಚ. ಹೋಟೆಲಿನ ಒಡತಿ ಎಲ್ವಿರಾ ನಾಲ್ಕಕ್ಕೂ ಬಿಳಿ ಹಾಸು ಬಿಗಿದು, ನಾಲ್ಕು ದಿಂಬಿನ ಮೇಲೂ ಒಂದೊಂದು ಕಾಗದದ ಹೂ ಇಟ್ಟಿದ್ದಳು.

"ಎಲ್ಲಿ ನಿಮ್ಮ ಯಜಮಾನಿ?" ಎಂದು ಅವಳು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದಳು. "ಕಾಯಿಲೆನಾ?"

"ಮಂಡಿ ನೋವು" ಎಂದಳು ಆರ್ಡಿಸ್. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಅಕ್ಕತಂಗಿಯಂತೆ ಬಂದು ನಿಂತಿತು.

ಗೋಡೆಯ ಬದಿಯ ನಾಲ್ಕನೆಯ ಮಂಚವನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮೊದಲ ದಿನ ಅದರ ಮೇಲೆ ಯಾರೂ ಏನನ್ನೂ ಇಡಲಿಲ್ಲ. ಎರಡನೆಯ ದಿನ ಸ್ಲಾವ್ಕಾ ತನ್ನ ಹುಲ್ಲಿನ ಟೊಪ್ಪಿಯನ್ನು ಅದರ ಮೇಲೆ ಎಸೆದಳು. ಆಮೇಲೆ ಟವೆಲು, ಚೀಲ, ಒದ್ದೆ ಈಜುಡುಪು, ಮಾರುಕಟ್ಟೆಯಿಂದ ತಂದ ಮಾವಿನಹಣ್ಣು, ಎಲ್ಲವೂ ಅಲ್ಲಿಗೇ ಬಂದು ಬಿದ್ದವು. ಕಾಗದದ ಹೂ ಅಡಿಯಲ್ಲಿ ಎಲ್ಲೋ ಚಪ್ಪಟೆಯಾಯಿತು.

"ನೋಡು, ಎಷ್ಟು ಹಾಯಾಗಿದೆ. ಬೆಳಗಾಗೋಕೆ ಮುಂಚೆ ಎಬ್ಬಿಸೋರಿಲ್ಲ, 'ನಡೀರಿ ನಡೀರಿ' ಅನ್ನೋರಿಲ್ಲ" ಎಂದಳು ಸ್ಲಾವ್ಕಾ, ಮೊಗಸಾಲೆಯ ಕುರ್ಚಿಯಲ್ಲಿ ಕಾಲು ಚಾಚಿ.

"ಹೌದು. ಆದ್ರೆ ಸೀಗಡಿ ಬೇಕೋ ಮೀನು ಬೇಕೋ ಅಂತ ಒಂದು ಗಂಟೆಯಿಂದ ಚರ್ಚೆ ಮಾಡ್ತಿದ್ದೀವಿ. ಅವಳಿದ್ದಿದ್ರೆ ಇಷ್ಟು ಹೊತ್ತಿಗೆ ಊಟ ಆಗಿರ್ತಿತ್ತು" ಎಂದಳು ವರ್ನಾ.

ಥೋರಾಳನ್ನು ಬಿಟ್ಟುಬರುವುದು ಮೂವರೂ ಸೇರಿ ಮಾಡಿದ ತೀರ್ಮಾನವೇ ನಿಜ. ಆದರೆ ಮೊದಲು ಬಾಯಿ ತೆರೆದವಳು ಆರ್ಡಿಸ್. ಐನಾರ್ ಸತ್ತ ಮರುವರ್ಷದ, ಎಂದರೆ ಹೋದ ವರ್ಷದ ಪ್ರವಾಸದಲ್ಲಿ ಥೋರಾ ಯಾರಿಗೂ ನೆಮ್ಮದಿ ಕೊಟ್ಟಿರಲಿಲ್ಲ. ಬೆಳಗಿನ ತಿಂಡಿಯ ಜೊತೆಗೇ ವಿಸ್ಕಿ, ಹೋಟೆಲಿನ ಹುಡುಗಿಯರ ಮೇಲೆ ರೇಗಾಟ. ಕೊನೆಗೆ ಒಂದು ಸಂಜೆ, ಊಟದ ಮೇಜಿನಲ್ಲಿ, ಪಕ್ಕದವರಿಗೂ ಕೇಳುವಂತೆ ಆರ್ಡಿಸಳಿಗೆ ಒಂದು ಮಾತು ಅಂದಿದ್ದಳು. ವರ್ನಾ, ಸ್ಲಾವ್ಕಾ ಅದನ್ನು ಕುಡಿದವಳ ಮಾತೆಂದು ಅಲ್ಲಿಗೇ ಬಿಟ್ಟಿದ್ದರು. ಆರ್ಡಿಸ್ ಬಿಟ್ಟಿರಲಿಲ್ಲ.

ಸೋಮವಾರ ಫೋನ್ ಮಾಡುವುದಾಗಿ ಮಾತಾಗಿತ್ತು. ಹೋಟೆಲಿಗೆಲ್ಲ ಒಂದೇ ಫೋನು, ಎಲ್ವಿರಾಳ ಮೇಜಿನ ಮೇಲೆ. ಸೋಮವಾರ ಥೋರಾ ಎತ್ತಿದಳು. ಮೂರೂ ಮನೆ ಸರಿಯಾಗಿವೆ, ವರ್ನಾಳ ಒಂದು ಗಿಡ ಮಾತ್ರ ಸ್ವರ್ಗಸ್ಥವಾಗಿದೆ, ಚಳಿ ಮೈನಸ್ ಮೂವತ್ತೆಂಟಕ್ಕೆ ಇಳಿದಿದೆ ಎಂದಳು. "ಮೂಗಿನೊಳಗಿನ ಕೂದಲೂ ಮುರಿಯತ್ತೆ ಮಾರಾಯ್ತಿ. ನೀವು ಅಲ್ಲೇ ಇರಿ." ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ಆರ್ಡಿಸ್ ಹುಡುಕಿದಳು, ಸಿಗಲಿಲ್ಲ. ಹುಡುಕಿದ್ದಕ್ಕೇ ನಾಚಿಕೆಯಾಗಿ, ಮರುದಿನವೂ ಫೋನ್ ಮಾಡಿದಳು. ಗಂಟೆ ಬಾರಿಸುತ್ತಲೇ ಇತ್ತು. ಸಂಜೆ ಮತ್ತೆ ಮಾಡಿದಳು. ಯಾರೂ ಎತ್ತಲಿಲ್ಲ.

"ಎಲ್ಲಾದ್ರೂ ಯಾರಿಗಾದ್ರೂ ಆಜ್ಞೆ ಮಾಡೋಕೆ ಹೋಗಿರ್ತಾಳೆ" ಎಂದಳು ಸ್ಲಾವ್ಕಾ.

"ಈ ಚಳೀಲಾ?"

"ಚಳಿಗೇ ಆಜ್ಞೆ ಮಾಡ್ತಿರ್ತಾಳೆ."

ಬುಧವಾರ ಬೆಳಿಗ್ಗೆ ಆರ್ಡಿಸ್ ತಿಂಡಿಗೆ ಮೊದಲೇ ಎಲ್ವಿರಾಳ ಮೇಜಿಗೆ ಹೋದಳು. ಥೋರಾ ಎತ್ತಲಿಲ್ಲ. ಅವಳು ಊರಿನ ಸಹಕಾರಿ ಅಂಗಡಿಗೆ ಫೋನ್ ಮಾಡಿದಳು. ಬಲೆ ಎತ್ತಲು ಹೋಗದ ಬೆಸ್ತರೆಲ್ಲ ಬೆಳಿಗ್ಗೆ ಕಾಫಿ ಕುಡಿಯುತ್ತ ಕೂರುವುದು ಅಲ್ಲಿ. ಅಂಗಡಿಯವರು ಫೋನನ್ನು ಬ್ಯೋಸಿಗೆ ಕೊಟ್ಟರು. ಅವನು ಆರ್ಡಿಸಳ ಎದುರು ಮನೆಯವನು, ಐವತ್ತರ ಬ್ರಹ್ಮಚಾರಿ, ಊರಿನ ಹಿರಿಯ ಹೆಂಗಸರಿಗೆಲ್ಲ ಅಮ್ಮ ಎನ್ನುವವನು.

"ಏನ್ ಆರ್ಡಿಸಮ್ಮಾ, ಅಲ್ಲಿ ಬಿಸಿಲು ಜಾಸ್ತಿ ಆಗಿ ಒಂದಿಷ್ಟು ಮಾರೋಕೆ ಫೋನ್ ಮಾಡಿದ್ರಾ?"

"ಥೋರಾ ಫೋನ್ ಎತ್ತುತ್ತಿಲ್ಲ ಬ್ಯೋಸಿ. ನೋಡಿದ್ಯಾ ಅವಳನ್ನ?"

"ನೋಡಿಲ್ಲ. ಆದ್ರೆ ನಿಮ್ಮನೇಲೇ ಇದ್ದಾರೆ. ನಿನ್ನೆ ಮಧ್ಯಾಹ್ನದಿಂದ ನಿಮ್ಮ ಮುಂದಿನ ಕಿಟಕೀಲಿ ದೀಪ ಉರೀತಾ ಇದೆ. ಈಗ ಬರೋವಾಗ್ಲೂ ಇತ್ತು. ಅವರ ಮನೇಲಿ ಒಬ್ಬರೇ ಇರೋಕೆ ಬೇಜಾರಾಗಿ ಬಂದಿರ್ಬೇಕು, ಪಾಪ. ನನಗೂ ಒಂಥರಾ ಖುಷಿ ಆಯ್ತು, ಎದುರುಗಡೆ ಬೆಳಕು ನೋಡಿ."

"ಹಾಗಾದ್ರೆ ಸರಿ" ಎಂದಳು ಆರ್ಡಿಸ್. "ನನ್ನ ಮನೆ ಫೋನ್ ಬೇರೆ ತೆಗೆಸಿಬಿಟ್ಟು ಬಂದಿದ್ದೀನಿ. ಅದಕ್ಕೇ ಸಿಕ್ಕಿಲ್ಲ."

ಹಿಂದಿನ ದಿನದಿಂದ ಕತ್ತಿನ ಹಿಂದೆ ಕುಳಿತಿದ್ದ ಭಾರ ಇಳಿಯಿತು. ಮೂವರೂ ಸಮುದ್ರದ ದಂಡೆಗೆ ನಡೆದರು. ತಾಳೆಗರಿಯ ಚಪ್ಪರದ ಅಡಿ ಕುಳಿತು ನಿಂಬೆ ಹಿಂಡಿದ ಸೀಗಡಿ ತರಿಸಿದರು. ಬೀದಿ ವಾದ್ಯದವರು ಬಂದು, ಕಹಳೆ ಊದಿ, ಕಾಸು ಪಡೆದು ಮುಂದಿನ ಮೇಜಿಗೆ ಹೋದರು.

"ನಿನ್ನ ಸೋಫಾದ ಮೇಲೆ ಕಾಲು ಹಾಕ್ಕೊಂಡು, ನಿನ್ನ ಕರೆಂಟ್ ಉರಿಸ್ತಾ, ನಿನ್ನ ವಿಸ್ಕಿ ಕುಡೀತಾ ಇದ್ದಾಳೆ" ಎಂದಳು ಸ್ಲಾವ್ಕಾ. "ನಮಗಿಂತ ಅವಳೇ ಸುಖವಾಗಿದ್ದಾಳೆ."

"ಕುಡೀಲಿ ಬಿಡು" ಎಂದಳು ಆರ್ಡಿಸ್. ಮನಸ್ಸು ಅಷ್ಟು ಹಗುರವಾಗಿತ್ತು. ನಾಳೆ ಬ್ಯೋಸಿಯ ಕೈಲಿ ಹೇಳಿಕಳಿಸಬೇಕು, ಬೇಕಾದರೆ ಅಲ್ಲೇ ಮಲಗಲಿ, ಮೇಲಿನ ಕೋಣೆಯಲ್ಲಿ ಒಳ್ಳೆಯ ರಜಾಯಿ ಇದೆ, ಹೊರಡುವಾಗ ಮಾತ್ರ ದೀಪದ ಸ್ವಿಚ್ಚು ಆರಿಸಲಿ ಎಂದು ಅವಳು ಯೋಚಿಸುತ್ತಿದ್ದಳು.

ಆ ದೀಪಕ್ಕೆ ಸ್ವಿಚ್ಚೇ ಇಲ್ಲ.

ಸೀಗಡಿ ಹಿಡಿದ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಅವಳ ಮುಂದಿನ ಕಿಟಕಿಯಲ್ಲಿರುವುದು ಒಂದೇ ದೀಪ. ಅದನ್ನು ಯಾರೂ ಹೊತ್ತಿಸುವುದಿಲ್ಲ. ಅದರ ತಂತಿಗೆ ಒಂದು ಸಣ್ಣ ಶೀತಮಾಪಕದ ಡಬ್ಬಿ ಸಿಕ್ಕಿಸಿದೆ. ಮನೆಯ ಒಳಗಿನ ಶಾಖ ನೀರು ಹೆಪ್ಪುಗಟ್ಟುವ ಹತ್ತಿರಕ್ಕೆ ಇಳಿದರೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಫರ್ನೇಸ್ ಆರಿದೆ, ಯಾರಾದರೂ ಬನ್ನಿ ಎಂದು ಬೀದಿಗೆ ಹೇಳುವ ದೀಪ ಅದು. ಆ ಬೀದಿಯಲ್ಲಿ ಇನ್ನೂ ಒಂದೆರಡು ಮನೆಗಳಲ್ಲಿ ಅಂಥದಿದೆ. ಎಲ್ಲರದೂ ಕೆಂಪು ಬಲ್ಬು. ಕೆಂಪು ಕಂಡರೆ ಊರಿನ ಯಾರಾದರೂ ಬಾಗಿಲು ಒಡೆದಾದರೂ ಒಳಗೆ ಹೋಗುತ್ತಾರೆ.

ಅವಳದೂ ಕೆಂಪೇ ಆಗಿತ್ತು. ಎರಡು ಚಳಿಗಾಲದ ಹಿಂದೆ ಒಮ್ಮೆ ಅದು ಹೊತ್ತಿದಾಗ ವರ್ನಾ ನಕ್ಕು ನಕ್ಕು, "ಗಂಡ ಇಲ್ಲದ ಹೆಂಗಸಿನ ಮನೆ ಕಿಟಕೀಲಿ ಕೆಂಪು ದೀಪ! ವಿನ್ನಿಪೆಗ್‌ನಿಂದ ಲಾರಿಯವರೆಲ್ಲ ಬಂದು ಸಾಲು ನಿಲ್ತಾರೆ ನೋಡ್ತಿರು" ಎಂದಿದ್ದಳು. ಕ್ಲಬ್ಬಿನಲ್ಲೆಲ್ಲ ಆ ಮಾತು ಓಡಾಡಿತ್ತು. ಈ ಶರತ್ಕಾಲದಲ್ಲಿ ಬಲ್ಬು ಸುಟ್ಟುಹೋದಾಗ ಆರ್ಡಿಸ್ ಸಾದಾ ಹಳದಿ ಬಲ್ಬು ಹಾಕಿದ್ದಳು. ಹಾಕಿದ್ದನ್ನು ಹೇಳಿದ್ದು ಒಬ್ಬಳಿಗೇ, ಮನೆ ನೋಡಿಕೊಳ್ಳುವ ಥೋರಾಳಿಗೆ.

ಅವಳು ಎದ್ದ ರಭಸಕ್ಕೆ ಕುರ್ಚಿ ಮರಳಿನಲ್ಲಿ ಮಗುಚಿತು.

"ಏನೇ, ಏನಾಯ್ತು?"

"ಮನೇಲಿ ಯಾರೂ ಇಲ್ಲ. ಅದು ಚಳಿಯ ದೀಪ."

ಎಲ್ವಿರಾಳ ಮೇಜಿನ ಮುಂದೆ ಒಬ್ಬ ಮುದುಕ ಫೋನಿನಲ್ಲಿ ಮಗಳ ಜೊತೆ ಮೊಮ್ಮಕ್ಕಳ ಹಲ್ಲಿನ ವಿಷಯ ಮಾತಾಡುತ್ತಿದ್ದ. ಆರ್ಡಿಸ್ ಜೀವಮಾನದಲ್ಲಿ ಮಾಡದ ಕೆಲಸ ಮಾಡಿದಳು. ಅವನ ಕೈಯಿಂದ ಫೋನು ಕಿತ್ತುಕೊಂಡು ಕೆಳಗಿಟ್ಟು, ಮತ್ತೆ ಎತ್ತಿದಳು. ಅಂಗಡಿಯಲ್ಲಿ ಬ್ಯೋಸಿ ಇನ್ನೂ ಕುಳಿತಿದ್ದ. ಗಾಳಿ ಇಳಿಯದೆ ಸರೋವರದ ಮೇಲೆ ಯಾರೂ ಹೋಗುವಂತಿರಲಿಲ್ಲ.

"ಹಳದಿ ಇದೆ ಅಮ್ಮಾ, ಕೆಂಪಲ್ಲ. ನಾನು ಕಣ್ಣಾರೆ ನೋಡಿದ್ದೀನಿ."

"ನಾನೇ ಬದಲಾಯಿಸಿದ್ದು ಬ್ಯೋಸಿ! ನಾನೇ! ಹೋಗು, ಬಾಗಿಲು ಒಡಿ, ಹೋಗು!"

ಆಚೆ ಕಡೆ ಬಟ್ಟಲು ಮೇಜಿಗೆ ಬಡಿದ ಸದ್ದು, ಕುರ್ಚಿಗಳ ಸದ್ದು, ಆಮೇಲೆ ಖಾಲಿ.

ಅವರು ಅಲ್ಲೇ ನಿಂತು ಕಾದರು. ಎಲ್ವಿರಾ ಮುದುಕನನ್ನು ಸಮಾಧಾನ ಮಾಡಿ ಕಳಿಸಿ, ನೀರಿನ ಲೋಟ ತಂದಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಹೊರಗೆ ಈಜುಕೊಳದಲ್ಲಿ ಯಾರೋ ಕಿಲಕಿಲ ನಗುತ್ತಿದ್ದರು. ವರ್ನಾ ಗೋಡೆಗೆ ಒರಗಿ ನಿಂತು, "ನಾನು ತಮಾಷೆಗೆ ಅಂದಿದ್ದು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ತಮಾಷೆಗೆ ಅಂದಿದ್ದಲ್ವಾ" ಎಂದಳು.

ಫೋನು ಬಂದಾಗ ಬ್ಯೋಸಿಗೆ ಏದುಸಿರು.

"ಇದ್ದಾರೆ. ಜೀವ ಇದೆ. ನೆಲಮಾಳಿಗೆ ಮೆಟ್ಟಿಲ ಕೆಳಗೆ ಬಿದ್ದಿದ್ರು. ಫರ್ನೇಸ್ ಹೊತ್ಸೋಕೆ ಇಳಿದಿದ್ದಾರೆ, ಕೊಳಾಯಿ ಒಡೆದು ಮೆಟ್ಟಿಲ ಮೇಲೆ ಮಂಜು ಕಟ್ಟಿತ್ತು. ಸೊಂಟ ಹೋಗಿದೆ ಅನ್ಸತ್ತೆ. ಒಗೆಯೋಕೆ ಇಟ್ಟಿದ್ದ ಬಟ್ಟೆ ರಾಶೀನ ಮೈಮೇಲೆ ಎಳ್ಕೊಂಡಿದ್ರು, ಅದಕ್ಕೇ ಉಳಿದಿದ್ದು. ಒಂದು ಬೂಟು ಕಳಚಿ ಹೋಗಿತ್ತು. ಆ ಕಾಲು…" ಅವನು ನಿಲ್ಲಿಸಿದ. "ಆಂಬುಲೆನ್ಸ್ ಬಂತು. ವಿನ್ನಿಪೆಗ್‌ಗೆ ಒಯ್ತಾ ಇದ್ದಾರೆ."

"ಏನಾದ್ರೂ ಅಂದ್ಲಾ?"

"ನನ್ನ ನೋಡಿ, 'ಬಾಗಿಲು ಹಾಕೋ, ಚಳಿ ಬರತ್ತೆ' ಅಂದ್ರು." ಅವನು ನಗಲು ಹೋಗಿ ಅತ್ತುಬಿಟ್ಟ. "ನಿನ್ನೆಯಿಂದ ಎದುರುಗಡೆ ಕೂತು ನಾನು ಆ ದೀಪ ನೋಡ್ತಾ ಇದ್ದೆ ಅಮ್ಮಾ. ಖುಷಿಯಾಗಿ ನೋಡ್ತಾ ಇದ್ದೆ."

ಅವರ ವಿಮಾನ ಮುಂದಿನ ಶನಿವಾರದ್ದು, ಎಂದರೆ ಇನ್ನೂ ಹತ್ತು ದಿನ. ಅದಕ್ಕೆ ಮುಂಚೆ ಹೊರಡಬೇಕೆಂದರೆ ಎರಡು ಕಡೆ ವಿಮಾನ ಬದಲಿಸಿ, ಸುತ್ತು ಬಳಸಿ ಹೋಗಬೇಕು. ಆರ್ಡಿಸ್ ಆಗಲೇ ಚೀಲ ತುಂಬುತ್ತಿದ್ದಳು. ಅದಕ್ಕಾಗಿ ನಾಲ್ಕನೆಯ ಮಂಚದ ಮೇಲಿನ ರಾಶಿಯನ್ನು ಕೆದಕಿ ತನ್ನದನ್ನು ಹುಡುಕಬೇಕಾಯಿತು.

"ಹೋಗಿ ಏನ್ ಮಾಡ್ತೀಯ?" ಎಂದಳು ಸ್ಲಾವ್ಕಾ. "ಆಸ್ಪತ್ರೇಲಿ ಡಾಕ್ಟ್ರಿದ್ದಾರೆ. ನಿನ್ನ ಮನೇಲಿ ಕೊಳಾಯಿ ಒಡೆದು ಐಸ್ ಕಟ್ಟಿದೆ. ನೀನು ಹೋಗಿ ಎಲ್ಲಿ ಮಲಗ್ತೀಯ?"

"ಗೊತ್ತಿಲ್ಲ."

"ನಾವು ಬರದಿದ್ರೆ ಕೆಟ್ಟವರಾಗ್ತೀವಿ. ಬಂದ್ರೆ ಅವಳು ಯಾಕೆ ಬಂದ್ರಿ ಅಂತ ಬೈತಾಳೆ."

"ನೀವು ಬನ್ನಿ ಅಂತ ನಾನು ಅಂದ್ನಾ?"

"ಹಾಗೆ ಮೂತಿ ಮಾಡ್ಕೊಂಡು ಚೀಲ ತುಂಬ್ತಿದ್ರೆ ಅಂದ ಹಾಗೇ ಅಲ್ವಾ?" ಸ್ಲಾವ್ಕಾಳ ದನಿ ಏರಿತು. "ಕೇಳು ಆರ್ಡಿಸ್. ಕೋಣೆ ಇಲ್ಲ ಅಂತ ಹೇಳಿದ್ದು ನೀನು. ನಾವು ಸುಮ್ಮನಿದ್ವಿ, ಅದು ನಮ್ಮ ತಪ್ಪು. ಆದ್ರೆ ಹೇಳಿದ್ದು ನೀನು."

ವರ್ನಾ ಮೊಗಸಾಲೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. ಅವಳು ತಿರುಗಲಿಲ್ಲ. ಆರ್ಡಿಸ್ ಚೀಲದ ಜಿಪ್ಪು ಎಳೆದಳು. ಇಪ್ಪತ್ತು ಚಳಿಗಾಲ ಒಂದೇ ಕಲ್ಲಿನ ಮುಂದೆ ಪೊರಕೆ ಉಜ್ಜಿದವರು ಬೀಳ್ಕೊಡುವ ಮಾತಿಲ್ಲದೆ ಬೇರೆಯಾದರು.

ವಿನ್ನಿಪೆಗ್‌ನಲ್ಲಿ ಇಳಿದಾಗ ಅವಳ ಮೈಮೇಲೆ ಹತ್ತಿಯ ಸ್ವೆಟರೊಂದೇ ಇತ್ತು. ಬ್ಯೋಸಿ ತನ್ನದೇ ಹಳೆಯ ಕೋಟು ತಂದಿದ್ದ. ಅದರ ತೋಳಿನಲ್ಲಿ ಮೀನಿನ ಪೊರೆ ಅಂಟಿತ್ತು, ವಾಸನೆ ಕಾರಿನ ತುಂಬ ಹರಡಿತು. ಅವನು ಕ್ಷಮೆ ಕೇಳಿದ. ಅವಳು ಬೇಡವೆಂದು ಕೈಯಾಡಿಸಿದಳು. ದಾರಿಯುದ್ದಕ್ಕೂ ಇಬ್ಬರೂ ಮಾತಾಡಿದ್ದು ಕೊಳಾಯಿಯ ವಿಷಯ ಮಾತ್ರ.

ಆಸ್ಪತ್ರೆಯ ಹಾಸಿಗೆಯಲ್ಲಿ ಥೋರಾ ಸಣ್ಣಗಾಗಿದ್ದಳು. ಸೊಂಟದ ಶಸ್ತ್ರಚಿಕಿತ್ಸೆ ಆಗಿತ್ತು. ಕೈಬೆರಳುಗಳಿಗೆ ಬಟ್ಟೆ ಸುತ್ತಿದ್ದರು. ಎಡಗಾಲಿನ ಮೇಲೆ ಹೊದಿಕೆ ತಾಗದಂತೆ ತಂತಿಯ ಗೂಡೊಂದನ್ನು ಇಟ್ಟಿದ್ದರು. ಕಣ್ಣು ಮಾತ್ರ ಅಂಗಳದ ಆಚೆ ತುದಿಯಿಂದ ನೋಡುತ್ತಿದ್ದ ಅದೇ ಕಣ್ಣು.

"ಮೀನು ವಾಸನೆ ಬರ್ತಿದೆ" ಎಂದಳು. "ಸಮುದ್ರ ತಂದ್ಯಾ?"

"ಬ್ಯೋಸಿಯ ಕೋಟು."

"ಉಳಿದಿಬ್ಬರು?"

"ಅಲ್ಲೇ ಇದ್ದಾರೆ."

"ಒಳ್ಳೇದು. ಒಬ್ಬೊಬ್ಬರಿಗೂ ಒಂದೊಂದು ಮಂಚ ಇದ್ದಿದ್ದು ಈಗ ಎರಡೆರಡು ಆಯ್ತು."

ಆರ್ಡಿಸ್ ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕುಳಿತಳು.

"ನಿನಗೆ ಗೊತ್ತಿತ್ತು."

"ಟಿಕೆಟ್ ಮಾಡಿಸೋ ಹುಡುಗಿ ಅಕ್ಟೋಬರಲ್ಲೇ ಕೇಳಿದ್ಲು. 'ಏನ್ ಥೋರಮ್ಮ, ನಾಲ್ಕು ಮಂಚದ ಕೋಣೆಗೆ ಮೂರೇ ಜನ, ನೀವು ಹೋಗಲ್ವಾ' ಅಂತ. ಸ್ಯಾಂಡ್ವಿಕ್‌ನಲ್ಲಿ ಸೀನಿದ್ರೆ ಊರಾಚೆ ಚರ್ಚ್‌ನಲ್ಲಿ 'ದೇವರು ಕಾಪಾಡಲಿ' ಅಂತಾರೆ. ಅಲ್ಲಿ ನೀನು ಗುಟ್ಟು ಮಾಡೋಕೆ ಹೋದೆ."

"ಗೊತ್ತಿದ್ದೂ ಮನೆ ನೋಡ್ಕೊಂಡೆ. ಕೋಟು ಹೊತ್ಕೊಂಡು ಹೋದೆ."

"ನನಗೆ ಸುಳ್ಳು ಹೇಳಿದ್ದು ನೀನು. ನಿನ್ನ ಮನೆ ಏನು ಮಾಡಿತ್ತು ನನಗೆ?" ಥೋರಾ ಕಣ್ಣು ಮುಚ್ಚಿ ತೆರೆದಳು. ನೋವು ಬಂದು ಹೋದದ್ದು ಮುಖದಲ್ಲಿ ಕಂಡಿತು. "ಬೀದಿ ತಿರುಗೋವಾಗ ದೀಪ ಕಂಡಿತು. ಹೊತ್ತಿದೆ, ಓಡು ಅಂದ್ಕೊಂಡೆ. ಮೆಟ್ಟಿಲ ಕೆಳಗೆ ಬಿದ್ದ ಮೇಲೆ, ಬ್ಯೋಸಿ ಈಗ ಬರ್ತಾನೆ, ಈಗ ಬರ್ತಾನೆ ಅಂತ ಕಾದೆ. ಕತ್ತಲಾದ ಮೇಲೆ ಬಲ್ಬು ಹಳದಿ ಅನ್ನೋದು ನೆನಪಾಯ್ತು. ಆಮೇಲೆ ಕಾಯೋದು ಬಿಟ್ಟೆ."

ಕಿಟಕಿಯ ಆಚೆ ಹಿಮ ತಳ್ಳುವ ಗಾಡಿಯೊಂದು ಗುರುಗುಟ್ಟುತ್ತ ಹಾದುಹೋಯಿತು.

"ನಾನು ಮಾಡಿದ್ದು…" ಎಂದು ಆರ್ಡಿಸ್ ಶುರುಮಾಡಿದಳು.

"ಕ್ಷಮೆ ಆಮೇಲೆ ಕೇಳು. ಮೊದಲು ಯಾಕೆ ಅಂತ ಹೇಳು. ನಾನು ಕುಡೀತಿದ್ದೆ ಅಂತಾನಾ? ಎಲ್ಲರ ಮೇಲೂ ರೇಗ್ತಿದ್ದೆ ಅಂತಾನಾ?"

ಹೌದು ಎಂದುಬಿಡಬಹುದಿತ್ತು. ಅದು ಸುಲಭವಾದ, ಅರ್ಧ ನಿಜವಾದ ಉತ್ತರ. ವರ್ನಾ, ಸ್ಲಾವ್ಕಾರ ಮಟ್ಟಿಗೆ ಅದೇ ಪೂರ್ತಿ ನಿಜ. ಆರ್ಡಿಸ್ ತನ್ನ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. ಬಿಸಿಲಿಗೆ ಕೆಂಪಗೆ ಸುಟ್ಟಿದ್ದವು.

"ಆವತ್ತು ಊಟದ ಮೇಜಲ್ಲಿ ನೀನು ಅಂದ್ಯಲ್ಲ. 'ನಿನಗೇನೇ ಗೊತ್ತು ನನ್ನ ದುಃಖ? ನಿನ್ನ ಗಂಡ ಸತ್ತಾಗ ನೀನು ನಿಟ್ಟುಸಿರು ಬಿಟ್ಟವಳು' ಅಂತ."

"ಅಂದೆ."

"ಎಲ್ಲರ ಎದುರಿಗೆ ಅಂದೆ."

"ಸುಳ್ಳಾ ಅದು?"

ಗಂಡ ಲೈಫುರ್ ಸತ್ತ ಬೆಳಿಗ್ಗೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಇನ್ನು ಬಾಗಿಲ ಸದ್ದಿಗೆ ಬೆಚ್ಚಬೇಕಾಗಿಲ್ಲ ಎಂದು ತಾನು ಉಸಿರು ಬಿಟ್ಟದ್ದು ಆರ್ಡಿಸಳಿಗೆ ನೆನಪಿತ್ತು. ಹಿಂದೆ ಬಾಗಿಲಲ್ಲಿ ಥೋರಾ ನಿಂತಿದ್ದಳು. ಆಗ ಅವಳು ಏನೂ ಅಂದಿರಲಿಲ್ಲ; ಬಂದು ಕೆಟಲಿಗೆ ನೀರು ತುಂಬಿದ್ದಳು, ಅಷ್ಟೇ.

"ಸುಳ್ಳಲ್ಲ" ಎಂದಳು ಆರ್ಡಿಸ್. "ಸುಳ್ಳಾಗಿದ್ದಿದ್ರೆ ಬೈದು ಮರೀತಿದ್ದೆ. ನಿಜ ಆಗಿತ್ತು. ನಿನಗೊಬ್ಬಳಿಗೇ ಗೊತ್ತಿದ್ದ ನಿಜ. ಅದಕ್ಕೇ ನಿನ್ನ ಮುಖ ನೋಡೋಕೆ ಆಗ್ಲಿಲ್ಲ. ಬಿಸಿಲಲ್ಲಿ ಎರಡು ವಾರ ನಿನ್ನ ಎದುರು ಕೂರೋಕೆ ಆಗಲ್ಲ ಅನ್ನಿಸ್ತು."

ಥೋರಾ ಬಟ್ಟೆ ಸುತ್ತಿದ ಬೆರಳುಗಳಿಂದ ಹೊದಿಕೆಯ ಅಂಚನ್ನು ಎಳೆದುಕೊಂಡಳು.

"ನಾನು ಅನ್ನಬಾರದಿತ್ತು" ಎಂದಳು ಕೊನೆಗೆ. ದನಿಯಲ್ಲಿ ಮೃದುತ್ವವೇನೂ ಇರಲಿಲ್ಲ. "ಮರುದಿನ ಬೆಳಿಗ್ಗೇನೇ ಹೇಳೋಣ ಅಂದ್ಕೊಂಡೆ. ಮೊಗಸಾಲೇಲಿ ನೀವು ಮೂರು ಜನ ಪಿಸುಗುಡ್ತಾ ಇದ್ರಿ, ನಾನು ಬಂದಿದ್ದೇ ಸುಮ್ಮನಾದ್ರಿ. ಯಾರಾದ್ರೂ ಮುಖಕ್ಕೆ ಉಗಿದಿದ್ರೆ ನಾನೂ ಹೇಳ್ತಿದ್ದೆ. ನೀನು ಎಂಟು ತಿಂಗಳು ಕಾದೆ. ಕಾದು, ಕಾಫಿಗೆ ಸಕ್ಕರೆ ಹಾಕ್ಕೊಂಡು, ಮಂಚ ಇಲ್ಲ ಅಂದೆ."

"ಹೌದು."

"ಈ ಒಂದು ಮಾತು ನಿನ್ನ ಬಾಯಿಂದ ಬರೋಕೆ ನನ್ನ ಸೊಂಟ ಮುರೀಬೇಕಾಯ್ತು."

ಅಷ್ಟರಲ್ಲಿ ಚಿಮುಟ, ಬಟ್ಟೆ, ಔಷಧಿಯ ತಟ್ಟೆಯೊಂದಿಗೆ ನರ್ಸ್ ಒಳಗೆ ಬಂದಳು. ಕಾಲಿನ ಪಟ್ಟಿ ಬದಲಿಸುವ ಹೊತ್ತು, ನೋಡಲು ಬಂದವರು ಹೊರಗೆ ಇರಬೇಕು ಎಂದಳು. ಆರ್ಡಿಸ್ ಎದ್ದಳು. ಎದ್ದದ್ದರಲ್ಲಿ ಸ್ವಲ್ಪ ಅವಸರವಿತ್ತು.

"ಇವಳು ಇಲ್ಲೇ ಇರ್ತಾಳೆ" ಎಂದಳು ಥೋರಾ.

"ನೋಡೋಕೆ ಚೆನ್ನಾಗಿರಲ್ಲಮ್ಮ" ಎಂದಳು ನರ್ಸ್.

"ಗೊತ್ತು. ನಾನು ದಿನಾ ನೋಡ್ತೀನಲ್ಲ."

ನರ್ಸ್ ಆರ್ಡಿಸಳ ಮುಖ ನೋಡಿದಳು. ಆರ್ಡಿಸ್ ತಲೆಯಾಡಿಸಿದಳು. ತಂತಿಯ ಗೂಡನ್ನು ಎತ್ತಿ ಪಕ್ಕಕ್ಕಿಟ್ಟು, ಹೊದಿಕೆ ಸರಿಸಿ, ನರ್ಸ್ ಪಟ್ಟಿಯ ಸುರುಳಿಯನ್ನು ಮೆಲ್ಲಗೆ ಬಿಚ್ಚತೊಡಗಿದಳು. ಕೊನೆಯ ಸುತ್ತು ಅಂಟಿಕೊಂಡಿತ್ತು, ಅದನ್ನು ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಥೋರಾ ಹಲ್ಲು ಕಚ್ಚಿ ಚಾವಣಿ ನೋಡುತ್ತಿದ್ದಳು. ಕಾಲ್ಬೆರಳುಗಳು ಕಂಡವು. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಇದ್ದಿಲಿನಂತೆ ಕಪ್ಪಾಗಿದ್ದವು. ಅವು ಉಳಿಯುತ್ತವೆಯೋ ಇಲ್ಲವೋ ಎಂದು ಡಾಕ್ಟರರು ಇನ್ನೂ ಕಾಯುತ್ತಿದ್ದಾರೆ, ವಾರಗಳೇ ಹಿಡಿಯಬಹುದು ಎಂದಳು ನರ್ಸ್.

ಆರ್ಡಿಸ್ ಗೋಡೆಯ ಕಡೆ ತಿರುಗಿದಳು.

"ಆ ಕಡೆ ಏನಿದೆ?" ಎಂದಳು ಥೋರಾ, ಚಾವಣಿಯಿಂದ ಕಣ್ಣು ತೆಗೆಯದೆ. "ಈ ಕಡೆ ನೋಡು."

ಆರ್ಡಿಸ್ ತಿರುಗಿದಳು. ಹೊಸ ಪಟ್ಟಿ ಸುತ್ತಿ ಮುಗಿಯುವವರೆಗೂ ಅವಳು ಆ ಕಾಲನ್ನು ನೋಡುತ್ತ ನಿಂತಿದ್ದಳು.